ಬಾಯಾರಿದ ಮೂರು ಸಾಲು

ಇಷ್ಟೆಲ್ಲ ರಗಳೆಗೂ ಮೂಲ ಅರ್ಧ ಗಂಟೆ ನೀರು. ಎಲ್ಚೆ ಪಟ್ಟಣದ ಕಡೆಯ ಒಂದು ಊರಿನಲ್ಲಿ ಹದಿನೈದು ದಿನಕ್ಕೊಮ್ಮೆ ಸರದಿ ಪ್ರಕಾರ ಕಾಲುವೆ ನೀರು ಬಿಡುತ್ತಾರೆ. ಲೆಕ್ಕಕ್ಕೆ ತೋಟಕ್ಕೆ ತಲಾ ಎರಡು ಗಂಟೆ, ಹಿನೆಸನ ದಾಳಿಂಬೆ ತೋಟಕ್ಕೆ ಮಾತ್ರ ಒಂದೂವರೆ. ಉಳಿದರ್ಧ ಗಂಟೆಯನ್ನು ಅವನ ಅಜ್ಜ ಪಕ್ಕದ ತೋಟದ ಕಾಯೆತಾನೊನ ಅಜ್ಜನಿಗೆ ಇಸ್ಪೀಟಿನಲ್ಲಿ ಸೋತು ಕೈತೊಳೆದುಕೊಂಡಿದ್ದ. ಅದನ್ನು ವಾಪಸು ಕೊಡಿಸಿ ಎಂದು ಹಿನೆಸ್ ಹನ್ನೊಂದು ವರ್ಷದಿಂದ ನೀರಿನ ಸಮಿತಿಗೆ ಅರ್ಜಿ ಹಾಕುತ್ತಲೇ ಇದ್ದಾನೆ. ನೀರು ಹಂಚುವ ನೀರಗಂಟಿ ಗಾಸ್ಪಾರ್ ಪ್ರತಿ ವರ್ಷವೂ ಬಂದು ತೋಟ ನೋಡಿ, "ನಿನ್ನ ಗಿಡ ನನ್ನ ಭಾಮೈದನಿಗಿಂತ ದಷ್ಟಪುಷ್ಟವಾಗಿವೆ, ಸುಮ್ನಿರಯ್ಯ" ಎಂದು ಹೊರಟುಹೋಗುತ್ತಿದ್ದ.

ತಾಳ್ಮೆಗೂ ಒಂದು ಮಿತಿ ಇದೆ ನೋಡಿ. ಈ ವರ್ಷ ಹಿನೆಸ್ ಜುಲೈ ತಿಂಗಳಲ್ಲೇ ದಾರಿಬದಿಯ ಮೂರು ಸಾಲಿಗೆ ನೀರು ನಿಲ್ಲಿಸಿಬಿಟ್ಟ. ಅಕ್ಟೋಬರಿನ ಹೊತ್ತಿಗೆ ಎಲೆ ಮುದುರಿ, ಹಣ್ಣು ಚಿಕ್ಕದಾಗಿ, ಸಿಪ್ಪೆ ಹಳೇ ಚಪ್ಪಲಿಯಂತೆ ಬಿರುಸಾಗಿತ್ತು. ನೋಡಿದವರ ಕರುಳು ಚುರುಕ್ ಅನ್ನಬೇಕು, ಹಾಗೆ.

"ಬಾಯಿಲ್ಲದ ಗಿಡಕ್ಕೆ ಹೀಗೆ ಮಾಡ್ತೀಯಲ್ಲ, ನಿಂಗೆ ಒಳ್ಳೇದಾಗತ್ತಾ?" ಎಂದಳು ಹೆಂಡತಿ ರೆಮೆ.

"ಇವತ್ತು ಒಂಬತ್ತು ಗಂಟೆಗೆ ಸಮಿತಿಯವ್ರು ಬರ್ತಾರೆ. ನೋಡಿ ಅಯ್ಯೋ ಪಾಪ ಅನ್ಲಿ. ಆಮೇಲೆ ಹೊಟ್ಟೆ ತುಂಬಾ ಕುಡಿಸ್ತೀನಿ."

"ಬೇಕಂತ ಒಣಗಿಸಿದ್ದು ಅಂತ ಗೊತ್ತಾದ್ರೆ? ವರ್ಷಪೂರ್ತಿ ಸರದೀನೇ ಕಿತ್ಕೋತಾರೆ."

"ನೀನು ಬಾಯಿ ಮುಚ್ಕೊಂಡಿದ್ರೆ ಯಾರಿಗೂ ಗೊತ್ತಾಗಲ್ಲ."

ಸಮಿತಿಯ ಮುಂದೆ ಸಾಕ್ಷಿಗೆ ಇಡೋಣವೆಂದು ಆ ಸಾಲಿನಿಂದ ಅತಿ ದರಿದ್ರವಾದ ಒಂದು ಹಣ್ಣನ್ನು ಕಿತ್ತು ತಂದು ಅಡುಗೆಮನೆಯಲ್ಲಿ ಹೆಚ್ಚಿದ. ಹಾಗೇ ನಿಂತುಬಿಟ್ಟ.

ಆ ಸೀಮೆಯ ದಾಳಿಂಬೆ ಒಳಗೆ ತಿಳಿ ಗುಲಾಬಿ. ಇದು ಕೆಂಪು. ಅಂಥ ಕೆಂಪನ್ನು ಅವನು ಚರ್ಚಿನ ಗಾಜಿನ ಕಿಟಕಿಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡ. ಐವತ್ತನಾಲ್ಕು ವರ್ಷ ದಾಳಿಂಬೆ ತಿಂದವನಿಗೆ ದಾಳಿಂಬೆಯ ರುಚಿ ಏನೆಂದು ಅವತ್ತು ಗೊತ್ತಾಯಿತು. ರೆಮೆಯೂ ತಿಂದಳು. ತಿಂದವಳು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು.

"ಎಲೆಗೆ ಕೊಟ್ಟಿಲ್ಲ, ಕೊಂಬೆಗೆ ಕೊಟ್ಟಿಲ್ಲ," ಎಂದ ಹಿನೆಸ್ ಮೆಲ್ಲಗೆ. "ಇದ್ದಬದ್ದದ್ದನ್ನೆಲ್ಲ ಕಾಳಿಗೇ ಕೊಟ್ಬಿಟ್ಟಿದೆ. ನಾನು ಸಾಯಿಸೋಕೆ ಹೊರಟಿದ್ದೆ ಕಣೇ. ಅದು ಹೀಗೆ ಮಾಡಿದೆ."

"ಶನಿವಾರ ಕೊಯ್ಲು. ಅಲ್ಲೀವರೆಗೆ ಒಂದು ತೊಟ್ಟು ನೀರೂ ಬೀಳಬಾರ್ದು. ಬಿತ್ತು ಅಂದ್ರೆ ಕಾಳು ಉಬ್ಬಿ ಸಿಪ್ಪೆ ಒಡೆದೋಗತ್ತೆ. ಹೋಗು, ನೀರು ಬೇಡ ಅಂತ ಹೇಳಿ ಬಾ," ಎಂದಳು ರೆಮೆ.

ಹೋಗುವ ಅಗತ್ಯ ಬೀಳಲಿಲ್ಲ. ಅಷ್ಟರಲ್ಲಿ ಸಮಿತಿಯೇ ಬಾಗಿಲಿಗೆ ಬಂತು. ಮುಂದೆ ಗಾಸ್ಪಾರ್, ಹಿಂದೆ ಇಬ್ಬರು ಹಿರಿಯರು, ಅವರ ಹಿಂದೆ ಯಾರೂ ಕರೆಯದ ಕಾಯೆತಾನೊ. ರೆಮೆ ಹೆಚ್ಚಿದ ಹಣ್ಣನ್ನು ಸೆರಗಿಲ್ಲದ ಊರಿನಲ್ಲಿ ಏಪ್ರನ್ನಿನ ಕೆಳಗೇ ಮುಚ್ಚಿಟ್ಟುಕೊಂಡಳು.

ಮೂರು ಸಾಲನ್ನು ನೋಡಿ ಗಾಸ್ಪಾರ್ ಟೋಪಿ ತೆಗೆದ, ಸತ್ತವರ ಮನೆಗೆ ಬಂದವನ ಹಾಗೆ. "ಇಷ್ಟೊಂದು ಕಷ್ಟ ಇದ್ರೂ ಒಂದು ಮಾತು ಹೇಳ್ಲಿಲ್ವಲ್ಲ ಮಾರಾಯ."

"ಕಷ್ಟ ಏನಿಲ್ಲ, ಗಿಡ ಗಟ್ಟಿಯಾಗೇ ಇವೆ," ಎಂದು ಹಿನೆಸ್ ಒಂದರ ಬೆನ್ನು ತಟ್ಟಿದ. ಹತ್ತಿಪ್ಪತ್ತು ಎಲೆ ಉದುರಿದವು. "ನಂಗೆ ಈಗ ನೀರು ಬೇಡ. ಅರ್ಜಿ ವಾಪಸ್ ತಗೋತೀನಿ."

"ನೋಡಿ, ಸ್ವಾಭಿಮಾನ ಅಂದ್ರೆ ಇದು," ಎಂದ ಹಿರಿಯರಲ್ಲೊಬ್ಬ.

ಕಾಯೆತಾನೊ ಒಂದು ಹಣ್ಣಿನ ಒರಟು ಸಿಪ್ಪೆಯನ್ನು ಹೆಬ್ಬೆರಳಿನಿಂದ ಸವರಿದ. ಹನ್ನೊಂದು ವರ್ಷ ಸಭೆಯಲ್ಲಿ ಹಿನೆಸನಿಗೆ ಅಡ್ಡಗಾಲು ಹಾಕಿದ ಆಸಾಮಿ ಅವನು. ಈಗ ಅವನ ಕಣ್ಣು ತುಂಬಿಬಂತು. "ನಮ್ಮಜ್ಜ ಗೆದ್ದ ಅರ್ಧ ಗಂಟೇನ ನಾನೇ ಕೊಡ್ತೀನಿ. ತಗೋ ಹಿನೆಸ್. ಬೇಡ ಅಂದ್ರೆ ನನ್ನಾಣೆ."

ಊರಿನ ಕಟ್ಟಳೆ ಹೀಗಿದೆ: ಒಬ್ಬ ಇನ್ನೊಬ್ಬನಿಗೆ ನೀರು ಬಿಟ್ಟುಕೊಟ್ಟರೆ ಸರದಿ ಯಾರದೇ ಇರಲಿ, ಇಬ್ಬರೂ ಸೇರಿ ಆ ದಿನವೇ ಕಾಲುವೆ ಬಾಯಿಯ ಹಲಗೆ ಎತ್ತಬೇಕು, ನೀರು ಮಣ್ಣಿಗೆ ಇಳಿದದ್ದನ್ನು ಊರವರು ಕಣ್ಣಾರೆ ನೋಡಬೇಕು. ಇಲ್ಲದಿದ್ದರೆ ಕೊಟ್ಟದ್ದು ಕೊಟ್ಟಂತಲ್ಲ. ಹಾಗಾಗಿ ಹತ್ತು ಗಂಟೆಗೆಲ್ಲ ಗುದ್ದಲಿ ಹಿಡಿದ ಹದಿನೈದು ಮಂದಿ ಸೇರಿದ್ದರು.

"ಶನಿವಾರ ಬಿಡೋಣ," ಎಂದ ಹಿನೆಸ್.

"ಶನಿವಾರದವರೆಗೆ ಇವು ಉಳಿಯಲ್ಲಪ್ಪ," ಎಂದ ಕಾಯೆತಾನೊ.

"ಹಾಗಾದ್ರೆ ಆ ಕಡೆ ಸಾಲಿಗೆ ಬಿಡೋಣ."

"ಇವನಿಗೆ ದುಃಖದಲ್ಲಿ ತಲೆ ಓಡ್ತಿಲ್ಲ, ಸ್ವಲ್ಪ ನೆರಳಲ್ಲಿ ಕೂರಿಸ್ರೋ," ಎಂದ ಗಾಸ್ಪಾರ್.

ಹಲಗೆ ಎದ್ದಿತು. ಹಿನೆಸ್ ಸಂದಿ ಸಿಕ್ಕಾಗಲೆಲ್ಲ ಕಾಲಿನಿಂದ ಮಣ್ಣು ಒತ್ತಿ ನೀರನ್ನು ಬೇರೆ ಕಡೆ ತಿರುಗಿಸಿದ. ನೆರೆಯವರು ಪ್ರೀತಿಯಿಂದ ಗುದ್ದಲಿ ಹಾಕಿ ಮತ್ತೆ ಮೂರು ಸಾಲಿಗೇ ತಿರುಗಿಸಿದರು. ಮೂರು ತಿಂಗಳ ಬಾಯಾರಿಕೆ. ಮಣ್ಣು ಸೊರಸೊರ ಸದ್ದು ಮಾಡುತ್ತ ಹೀರಿತು. ಎಲ್ಲರೂ ಮಾತು ನಿಲ್ಲಿಸಿ ಆ ಸದ್ದನ್ನೇ ಕೇಳಿದರು. ಹಿನೆಸನೂ ಕೇಳಿದ.

ಊರವರು ಹೋಗಲಿಲ್ಲ. ಪುಣ್ಯದ ಕೆಲಸ ಮಾಡಿದವರಿಗೆ ಊಟ ಹಾಕಬೇಡವೇ? ರೆಮೆ ಮೊಲ ಹಾಕಿ ದೊಡ್ಡ ಬಾಣಲೆಯಲ್ಲಿ ಅನ್ನ ಮಾಡಿದಳು. ಉಂಡರು, ಅಲ್ಲೇ ಗೊರಕೆ ಹೊಡೆದರು, ಎದ್ದು ಕಾಫಿ ಕುಡಿದರು. ಹಿನೆಸ್ ಮಾತ್ರ ಗಿಡದ ಬುಡದಲ್ಲಿ ಕೂತು ಹಣ್ಣು ಕಾಯುತ್ತಿದ್ದ.

ಸಂಜೆ ಐದಕ್ಕೆ ಟಪ್ ಎಂದಿತು ಒಂದು ಹಣ್ಣು. ಆಮೇಲೆ ಇನ್ನೊಂದು. ಆಮೇಲೆ ಸಾಲು ಸಾಲೇ. ನೋಡನೋಡುತ್ತಿದ್ದಂತೆ ಸಿಪ್ಪೆಗಳು ಬಾಯಿ ಬಿಟ್ಟವು. ಆ ಮುಪ್ಪಾದ ಮುಖಗಳ ಒಳಗಿಂದ ಕೆಂಪು ಕಾಳು ಹೊರಗಿಣುಕಿತು. ಇಳಿಬಿಸಿಲು ಅದರ ಮೇಲೆ ಬಿತ್ತು.

ಮೊದಲು ಕಾಯೆತಾನೊ ತಿಂದ. ಆಮೇಲೆ ಎಲ್ಲರೂ ಕೈ ಹಾಕಿದರು. ಒಡೆದ ಹಣ್ಣು ಪೇಟೆಗಂತೂ ಹೋಗುವುದಿಲ್ಲ, ಹಿನೆಸ್ ಯಾರನ್ನೂ ತಡೆಯಲಿಲ್ಲ. ಅವನೂ ಒಂದನ್ನು ಬಿಡಿಸಿ ತಿಂದ. ಅಳು ಬಂತು. ಹಣ್ಣು ಅಷ್ಟು ಚೆನ್ನಾಗಿತ್ತು.

ಗಾಸ್ಪಾರ್ ಗದ್ದಕ್ಕೆ ಇಳಿದ ರಸ ಒರೆಸಿಕೊಂಡು ಬದುವಿನ ಮೇಲೆ ನಿಂತ.

"ಮೂವತ್ತು ವರ್ಷದಿಂದ ನೀರು ಹಂಚ್ತಾ ಇದೀನಿ, ನೀರಿನ ಮಹಿಮೆ ಇವತ್ತು ಕಣ್ಣಾರೆ ಕಂಡೆ. ಬೆಳಿಗ್ಗೆ ಸತ್ತಿದ್ದ ಗಿಡ. ಅರ್ಧ ಗಂಟೆ ನೀರಿಗೆ ಹಣ್ಣು ಈ ಬಣ್ಣ, ಈ ರುಚಿ. ಪೂರ್ತಿ ಕುಡಿಸಿದ್ರೆ ಇನ್ನೇನಾಗ್ಬೇಡ? ಸಮಿತಿ ತೀರ್ಮಾನ ಕೇಳಿ. ಬರೋ ವರ್ಷದಿಂದ ಹಿನೆಸಂಗೆ ನಾಲ್ಕು ಗಂಟೆ. ಮೊದಲ ಎರಡು ಗಂಟೆ ಈ ಮೂರು ಸಾಲಿಗೇ ಹೋಗ್ಬೇಕು, ನಾನೇ ಬಂದು ನಿಂತು ಬಿಡಿಸ್ತೀನಿ."

ಜನ ಚಪ್ಪಾಳೆ ತಟ್ಟಿದರು. ಕಾಯೆತಾನೊ ಹಿನೆಸನನ್ನು ತಬ್ಬಿಕೊಂಡ. ರೆಮೆ ಗಂಡನ ಮುಖ ನೋಡಿದಳು. ನಿಜ ಹೇಳಿದರೆ ಸರದಿ ಹೋಗುತ್ತದೆ, ಹೇಳದಿದ್ದರೆ ಆ ಕೆಂಪು ಹೋಗುತ್ತದೆ.

"ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ," ಎಂದ ಹಿನೆಸ್.