ಸದ್ದಿಲ್ಲದ ಡಬ್ಬಿ

"ಕರೆಂಟು ಕುಡೀಬಾರ್ದು, ಸದ್ದು ಮಾಡ್ಬಾರ್ದು, ಜೇಬು ಸುಡಬಾರ್ದು! ಅಂಥ ಕಂಪ್ಯೂಟರ್ ಈ ಭೂಮಿ ಮೇಲೆ ಎಲ್ಲಿದ್ರೂ ಹುಡುಕಿ ತರ್ತೀನಿ!" ಎಂದು ಇನ್‌ಸ್ಪೆಕ್ಟರು ಊಟದ ಮೇಜು ಗುದ್ದಿ ಘೋಷಿಸಿದರು. ನೀರಿನ ಲೋಟ ಉರುಳಿತು. ಹೆಂಡತಿ ಒರೆಸಿದಳು.

ಇನ್‌ಸ್ಪೆಕ್ಟರೆಂದರೆ ಪೊಲೀಸಿನವರಲ್ಲ, ಅಂಗಡಿಗಳ ತಕ್ಕಡಿ ಪರೀಕ್ಷಿಸುವ ತೂಕ-ಅಳತೆ ಇಲಾಖೆಯವರು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಸಹಿಸದ ಜೀವ.

ಕಂಪ್ಯೂಟರ್ ಬೇಕಾಗಿದ್ದದ್ದು ಅವರ ಅತ್ತೆಗೆ. ಸೊಂಟ ಮುರಿದು ಮಲಗಿದ್ದ ಆಕೆ ಇನ್ನು ಏಳುವುದಿಲ್ಲವೆಂದು ಡಾಕ್ಟರು ಹೇಳಿಯಾಗಿತ್ತು. ಮಲಗಿಯೇ ಇದ್ದು ಆದ ಬೆನ್ನಿನ ಹುಣ್ಣು ಮಾಯಲೆಂದು ಗಾಳಿ ಹಾಸಿಗೆ ಹಾಕಿಸಿದ್ದರು. ಅದಕ್ಕೆ ಗಾಳಿಯೂದುವ ಪುಟ್ಟ ಪಂಪು ಮಂಚದ ಕೆಳಗೆ ಹಗಲೂ ರಾತ್ರಿ ಗುರುಗುಟ್ಟುತ್ತಿತ್ತು. ಆಕೆಗೆ ಉಳಿದಿದ್ದ ಆಸೆ ಒಂದೇ. ತೀರಿಹೋದ ಗಂಡ ಜೀವಮಾನವೆಲ್ಲ ಕ್ಯಾಮೆರಾ ಹಿಡಿದು ತೆಗೆದ ಮನೆಯ ವಿಡಿಯೊಗಳನ್ನು ಮಲಗಿದಲ್ಲೇ ನೋಡಬೇಕು. ಅವು ಇದ್ದದ್ದು ಹಳೆಯ ಕಂಪ್ಯೂಟರಿನಲ್ಲಿ. ಅದನ್ನು ಹಚ್ಚಿದರೆ ಕಿವಿಗೆ ಹಿಟ್ಟಿನ ಗಿರಣಿ, ಮೈಗೆ ಕಮ್ಮಾರನ ಕುಲುಮೆ!

"ಅತ್ತೆ, ನಿಮಗೊಂದು ಸರ್ವರ್ ತರ್ತೀನಿ" ಎಂದರು ಇನ್‌ಸ್ಪೆಕ್ಟರು.

"ಬೇಡ ಅಳಿಯಂದ್ರೇ, ತಿನ್ನೋದೇ ಎರಡು ತುತ್ತು. ಅದನ್ನ ಬಡಿಸೋಕೆ ಬೇರೆ ಒಬ್ಬ ಸರ್ವರ್ ಯಾಕೆ?"

ಶುರುವಾಯಿತು ನೋಡಿ ಸ್ವಯಂವರ! ಒಂದು ಮಿನಿ ಪಿಸಿ ಅಗ್ಗ, ಆದರೆ ಫ್ಯಾನು ಕಿರುಗುಟ್ಟುತ್ತದೆ, ತಿರಸ್ಕಾರ. ಇನ್ನೊಂದು ಮೌನಿ, ಆದರೆ ದೊಡ್ಡ ವಿಡಿಯೊ ಕಂಡರೆ ಏದುಸಿರು, ತಿರಸ್ಕಾರ. ಮತ್ತೊಂದು ಸರ್ವಗುಣಸಂಪನ್ನ, ಆದರೆ ಸುಮ್ಮನೆ ಕೂತಾಗಲೂ ಹತ್ತು ವ್ಯಾಟ್ ನುಂಗುತ್ತದೆ. "ಕೂತು ತಿನ್ನೋರು ನಮ್ಮ ಆಫೀಸಲ್ಲೇ ಸಾಕಷ್ಟಿದ್ದಾರೆ!" ಎಂದು ಅದನ್ನೂ ತಳ್ಳಿದರು. ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಅಂಗಡಿಯವನು ಇವರ ಸ್ಕೂಟರ್ ಕಂಡರೆ ಶಟರ್ ಎಳೆಯತೊಡಗಿದ.

"ನನ್ನ ಮಗಳನ್ನ ನೋಡೋಕೆ ಬಂದಾಗ ಒಂದು ಲೋಟ ಕಾಫಿ ಮುಗಿಯೋಷ್ಟರಲ್ಲಿ ಒಪ್ಪಿದ್ರಲ್ಲ!" ಎಂದರು ಅತ್ತೆ.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಅಡುಗೆಮನೆಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದಳು: "ರೀ, ಯಾವುದೋ ಒಂದು ತನ್ನಿ. ಅಮ್ಮನ ಹತ್ರ ನಿಮ್ಮಷ್ಟು ಟೈಮಿಲ್ಲ."

ಆ ಮಾತು ನಾಟಿತು. ಮರುದಿನವೇ ಅಂಗೈಯಗಲದ, ಫ್ಯಾನಿಲ್ಲದ, ಹಳೇ ಆಫೀಸಿನದೊಂದು ಡಬ್ಬಿ ಮನೆಗೆ ಬಂತು, ವಿಡಿಯೊಗಳೆಲ್ಲ ಅದಕ್ಕೆ ಸೇರಿದವು. ಜೊತೆಗೆ ವಿದ್ಯುತ್ ಅಳೆಯುವ ಪುಟ್ಟ ಮೀಟರು. ಅಳೆಯದೆ ಇವರಿಗೆ ನಿದ್ದೆ ಬಂದೀತೇ?

ಭಾನುವಾರ ಹೆಂಡತಿ ಡ್ಯೂಟಿಗೆ ಹೊರಟ ಮೇಲೆ ಇನ್‌ಸ್ಪೆಕ್ಟರು ಅತ್ತೆಯ ಕೋಣೆಯಲ್ಲಿ ಮೊಣಕಾಲೂರಿದರು. ಪ್ಲಗ್ ಬೋರ್ಡಿನಲ್ಲಿ ಜಾಗವಿರಲಿಲ್ಲ. ಯಾವುದೋ ದೀಪದ್ದಿರಬೇಕೆಂದು ಒಂದು ಪ್ಲಗ್ ಕಿತ್ತು ಡಬ್ಬಿಯದನ್ನು ಸಿಕ್ಕಿಸಿದರು. ಮಂಚದೆದುರು ಡಬ್ಬಿಗೆ ಜೋಡಿಸಿದ್ದ ಟಿ.ವಿ. ಬೆಳಗಿತು. ಮಾವನವರು ತೆಗೆದ ಸಮುದ್ರದಂಡೆ, ಎರಡು ಜಡೆಯ ಮಗಳು, ಓಡಿಹೋಗುವ ನಾಯಿ, ಒಂದಾದ ಮೇಲೊಂದು ಬಂದವು. ಅತ್ತೆ ರೆಪ್ಪೆ ಮಿಟುಕಿಸಲಿಲ್ಲ. ಇನ್‌ಸ್ಪೆಕ್ಟರು ಸಂತೃಪ್ತರಾಗಿ ನಡುಮನೆಗೆ ಹೋಗಿ, ವಿಡಿಯೊ ಫೈಲುಗಳಿಗೆ ಹೆಸರು ಕೊಡುತ್ತ ಜಗತ್ತನ್ನೇ ಮರೆತರು. ಮಧ್ಯಾಹ್ನ ಗಂಜಿ ಕುಡಿಸಲು ಬಂದಾಗಲೂ ಅವರ ಕಣ್ಣು ಇದ್ದದ್ದು ಮೀಟರಿನ ಮೇಲೆ.

ಸಂಜೆ ಹೆಂಡತಿ ಚಪ್ಪಲಿ ಬಿಡುವ ಮೊದಲೇ ಕೈಹಿಡಿದು ಎಳೆತಂದರು.

"ಕೇಳು! ಏನಾದ್ರೂ ಸದ್ದು ಕೇಳ್ತಿದೆಯಾ?"

"ಇಲ್ಲ."

"ಅದೇ! ಅದೇ ನಾನು ಹೇಳಿದ್ದು!"

"ರೀ... ಏನೂ ಕೇಳ್ತಿಲ್ವಲ್ರೀ! ಪಂಪು ಎಲ್ಲಿ?"

ಅವಳು ಹೊದಿಕೆ ಸರಿಸಿದಳು. ಗಾಳಿ ಹಾಸಿಗೆ ಹಪ್ಪಳದಂತೆ ಚಪ್ಪಟೆಯಾಗಿತ್ತು. ಅತ್ತೆಯ ಮೂಳೆಗಳು ಮಂಚದ ಹಲಗೆಗೆ ಒತ್ತಿಕೊಂಡು ಬಿದ್ದಿದ್ದವು. ಮಗ್ಗುಲಿಗೆ ಹೊರಳಿಸಿದಾಗ, ಆಗಷ್ಟೇ ಚರ್ಮ ಕಟ್ಟುತ್ತಿದ್ದ ಹುಣ್ಣು ಬಾಯಿ ಬಿಟ್ಟಿತ್ತು, ಹಾಸಿಗೆಬಟ್ಟೆ ಒದ್ದೆಯಾಗಿತ್ತು.

ಹೆಂಡತಿ ಬೈಯಲಿಲ್ಲ. ಕೈತೊಳೆದು ಹತ್ತಿ, ಪಟ್ಟಿ ತಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು! ಇನ್‌ಸ್ಪೆಕ್ಟರು ಈ ಸಲ ದೀಪದ ಪ್ಲಗ್ಗನ್ನೇ ಹುಡುಕಿ ಕಿತ್ತು, ಪಂಪಿನದನ್ನು ಸಿಕ್ಕಿಸಿದರು. ಪಂಪು ಗುರುಗುಟ್ಟಿತು. ಅಷ್ಟು ಇಂಪಾದ ಸದ್ದನ್ನು ಅವರು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಅತ್ತೆ... ನೋವಾಗ್ಲಿಲ್ವಾ? ಒಂದು ಕೂಗು ಹಾಕಬಾರ್ದಿತ್ತಾ?"

"ನೋವಾಯ್ತು ಅಳಿಯಂದ್ರೇ. ಕೂಗಿದ್ರೆ ನೀವು ಓಡಿಬಂದು ಮೊದ್ಲು ಟಿ.ವಿ. ಆರಿಸ್ತಿದ್ರಿ. ನಮ್ಮ ಯಜಮಾನ್ರು ಯಾವತ್ತೂ ಕ್ಯಾಮೆರಾ ಹಿಂದೇನೇ. ಒಂದ್ಸಲ ಮಾತ್ರ ಆಫ್ ಮಾಡೋಕೆ ಮರೆತು ಎದುರಿಗೆ ಬಂದು ಕೂತು ಬೂಟು ಬಿಚ್ಚಿದ್ದಾರೆ. ಅದು ಯಾವುದರಲ್ಲಿದೆ ಅಂತ ಕಾಯ್ತಿದ್ದೆ."

"ಬಂತಾ ಅಮ್ಮಾ?" ಪಟ್ಟಿ ಹಾಕುತ್ತಿದ್ದ ಮಗಳ ಕೈ ನಿಂತಿತು.

"ಇನ್ನೂ ಇಲ್ಲ."

ಇನ್‌ಸ್ಪೆಕ್ಟರಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಮೀಟರು ಕಿತ್ತು ಜೇಬಿಗೆ ಹಾಕಿಕೊಂಡರು. ಅಷ್ಟಕ್ಕೇ ಸಿಟ್ಟು ಇಳಿಯದೆ, "ಹಾಳು ಡಬ್ಬಿ! ಇದರಿಂದಲೇ ಎಲ್ಲಾ ಆಗಿದ್ದು" ಎಂದು ಅದರ ತಂತಿಗೂ ಕೈ ಹಾಕಿದರು.

ಅತ್ತೆ ನೋವಿನಲ್ಲೂ ತಲೆ ಎತ್ತಿದರು.

"ಅದನ್ನ ಮುಟ್ಟಬೇಡಿ ಅಳಿಯಂದ್ರೇ! ಇವತ್ತು ಈ ಮನೇಲಿ ಹೇಳಿದ ಕೆಲಸ ಹೇಳಿದಷ್ಟೇ ಮಾಡಿರೋದು ಅದೊಂದೇ!"