ಕಾಕಾ ಬಿಟ್ಟ ಚುಕ್ಕಿ

ನಮ್ಮ ಕಾಕಾನಷ್ಟು ಅಂಜುಬುರುಕ ಮನುಷ್ಯ ಇಡೀ ಬೆಳಗಾವಿ ಜಿಲ್ಲೆಯಲ್ಲಿ ಇನ್ನೊಬ್ಬನಿರಲಿಲ್ಲ. ಇದು ಬಾಯಿಮಾತಲ್ಲ, ನನ್ನ ಹತ್ತಿರ ಲೆಕ್ಕವಿದೆ. ಕಾಕಾ ಎಂದರೆ ಅಪ್ಪನ ಕಿರಿಯ ತಮ್ಮ, ಇಂಜಿನಿಯರಿಂಗ್ ಓದುತ್ತಿದ್ದ. ಪಿಯುಸಿಗೆಂದು ಬಂದ ನಾನು ಬೆಳಗಾವಿಯ ಶಹಾಪುರದಲ್ಲಿ, ಮಗ್ಗಗಳ ಸದ್ದಿನ ನಡುವೆ, ಅವನ ಬಾಡಿಗೆ ಕೋಣೆಯಲ್ಲಿದ್ದೆ. ನನಗೆ ದಿನಚರಿ ಬರೆಯುವ ಚಟ. ಅದರ ಕೊನೆಯ ಹಾಳೆಯಲ್ಲಿ ‘ಕಾಕಾ ಅಂಜಿದ್ದು’ ಎಂದು ಪಟ್ಟಿ ಮಾಡಿದ್ದೆ. ೧೯೮೨ರ ಜೂನ್ ತಿಂಗಳದ್ದು ನೋಡಿ: ಹಲ್ಲಿಗೆ ಒಂಬತ್ತು ಸಲ, ಕಂಪೌಂಡರನ ಸೂಜಿಗೆ ಎರಡು ಸಲ, ಮನೆ ಮಾಲೀಕರ ಎಮ್ಮೆಗೆ ದಿನಾಲೂ.

ನಮ್ಮೂರಾದ ಖಾನಾಪುರಕ್ಕೆ ಹೋಗುವಾಗ ಬಸ್ಸಿನಲ್ಲಿ ಡ್ರೈವರನ ಬೆನ್ನಹಿಂದಿನ ಸೀಟು ಸಿಕ್ಕರಷ್ಟೇ ಹತ್ತುತ್ತಿದ್ದ. ಯಾಕೆಂದು ಕೇಳಿದರೆ, “ಡ್ರೈವರ ಹೆಂಗರ ಮಾಡಿ ತನ್ನ ಜೀವಾ ಉಳಿಸ್ಕೊಂತಾನ. ಹಿಂದ ಕುಂತಾಂವಾ ಪುಕಟ ಉಳೀತಾನ” ಎನ್ನುತ್ತಿದ್ದ. ಇಂಥವನು ಮೆರವಣಿಗೆ ತೆಗೆದನೆಂದರೆ ನೀವು ನಂಬುತ್ತೀರಾ?

ಕಾರಣ ಯೂಸುಫ. ನಮ್ಮದೇ ಕೋಣೆಯಲ್ಲಿದ್ದ ಅವನು ಕಾಕಾನ ತರಗತಿಯವನು, ಪ್ಯಾಲೆಸ್ತೀನಿನವನು. ಹಾಗೆನ್ನುತ್ತಿದ್ದನೇ ಹೊರತು ಆ ನಾಡನ್ನು ಅವನೂ ಕಂಡಿರಲಿಲ್ಲ. ಅವನ ಅಜ್ಜ ಊರು ಕಳೆದುಕೊಂಡು ಬಂದವನು. ಯೂಸುಫ ಹುಟ್ಟಿದ್ದು ಬೈರೂತಿನ ನಿರಾಶ್ರಿತರ ಶಿಬಿರದಲ್ಲಿ. ನಾನು ಕರೆಯುವುದನ್ನು ಕೇಳಿ ನಮ್ಮ ಕಾಕಾನ ಹೆಸರೇ ‘ಕಾಕಾ’ ಎಂದುಕೊಂಡಿದ್ದ. ಅವನು ಮೊದಲು ಕಲಿತ ಕನ್ನಡ ಎರಡೇ ಮಾತು: “ಬರ್ರಿ, ಕುಂದರ್ರಿ.” ಮಾಲೀಕರ ಎಮ್ಮೆ ಬಾಗಿಲಿಗೆ ಬಂದರೂ ಅದನ್ನೇ ಹೇಳುತ್ತಿದ್ದ. ಎಮ್ಮೆ ಒಮ್ಮೆ ಬಂದೇಬಿಟ್ಟಿತು. ಕಾಕಾ ಕಿಟಕಿಯಿಂದ ಹೊರಗೆ ಹಾರಿದ. ಪಟ್ಟಿಯಲ್ಲಿ ಅದಕ್ಕೆ ಎರಡು ಗೀಟು ಹಾಕಿದ್ದೇನೆ.

ರಜೆಯಲ್ಲಿ ಯೂಸುಫನನ್ನು ಖಾನಾಪುರಕ್ಕೂ ಕರೆದುಕೊಂಡು ಹೋದೆವು. ಕಾಕಾನ ತಾಯಿ, ನಮ್ಮ ಆಯಿ, ರೊಟ್ಟಿ ಬಡಿಸುತ್ತ ಕೇಳಿದಳು: “ನಿಮ್ಮ ಊರಿಗೆ ಯಾವ ಬಸ್ ಹೊಕ್ಕೈತೆಪಾ?”

“ಬಸ್ ಇಲ್ರಿ ಆಯಿ.”

“ಅಯ್ಯ, ನಮ್ಮ ತಾಲೂಕಿನ ಕಾಡಿನ ಕಡೀಗೂ ಒಂದ ಬಸ್ ಐತಿ. ಅರ್ಜಿ ಕೊಡಬೇಕಿಲ್ಲೋ?”

ಅದೇ ವರ್ಷದ ಮಳೆಗಾಲದಲ್ಲಿ ಇಸ್ರೇಲಿನ ಸೈನ್ಯ ಬೈರೂತಿಗೆ ಮುತ್ತಿಗೆ ಹಾಕಿತು. ಅಲ್ಲಿದ್ದ ಯೂಸುಫನ ತಾಯಿಯ ಪತ್ರ ನಿಂತಿತು. ಅವನು ಶನಿವಾರಕ್ಕೊಂದು ಪತ್ರ ಬರೆದ. ಹೋದದ್ದು ಏಳು, ಬಂದದ್ದು ಸೊನ್ನೆ. ರೇಡಿಯೋ ವಾರ್ತೆ ಬಂದಾಗ ಮೂವರೂ ಅದಕ್ಕೆ ಕಿವಿ ಹಚ್ಚಿ ಕೂರುತ್ತಿದ್ದೆವು. ಕಾಕಾನಿಗೆ ಮೊದಲ ಪತ್ರದಿಂದಲೇ ಹೊಸ ಅಂಜಿಕೆ ಹತ್ತಿತ್ತು: ಬೆಳಗಾವಿಯ ಮಳೆಗೆ ಲಕೋಟೆಯ ಮೇಲಿನ ವಿಳಾಸ ಅಳಿಸಿಹೋದರೆ? ಅದಕ್ಕೆಂದೇ ಆ ಅರಬಿ ಅಕ್ಷರಗಳನ್ನು ನೋಡಿ ನೋಡಿ ತಿದ್ದಿ, ಪ್ರತಿ ಲಕೋಟೆಯ ಹಿಂಬದಿಗೂ ವಿಳಾಸ ಬರೆಯತೊಡಗಿದ್ದ. ಕನ್ನಡವನ್ನೇ ಇರುವೆ ಸಾಲಿನಂತೆ ಬರೆಯುವ ಮನುಷ್ಯ!

ಆಮೇಲೆ ಪ್ಯಾಲೆಸ್ತೀನಿನ ಪರ ಮೆರವಣಿಗೆಗೆ ಬರ್ರಿ ಎಂದು ಕಾಲೇಜಿನ ಕ್ಯಾಂಟೀನಿನಲ್ಲಿ ಬೆಂಚು ಹತ್ತಿ ಭಾಷಣ ಮಾಡಿದ. “ನಾ ಎಂಥಾ ಅಂಜುಬುರುಕ ಅನ್ನೂದು ನಿಮಗೆಲ್ಲಾ ಗೊತ್ತೈತಿ. ನಾನ ಹೊಂಟೇನಂದ್ರ ನಿಮಗೇನ ಧಾಡಿ?” ವಾದ ಫಲಿಸಿತು. ಹದಿನಾಲ್ಕು ಮಂದಿ ಬಂದರು. ಅವರಲ್ಲಿ ನಾಲ್ವರು ಪರೀಕ್ಷೆ ಮುಂದೂಡಲು ಮೆರವಣಿಗೆ ಎಂದುಕೊಂಡಿದ್ದರು. ಯೂಸುಫನನ್ನು ಮಾತ್ರ ಕಾಕಾ ಕೋಣೆಯಲ್ಲೇ ಬಿಟ್ಟ. ಪರದೇಶದ ವಿದ್ಯಾರ್ಥಿ ಚಳವಳಿಗೆ ಇಳಿದರೆ ದೇಶ ಬಿಡಿಸುತ್ತಾರೆಂದು ಸುದ್ದಿ ಇತ್ತು. ಹಾಗಾಗಿ ಯೂಸುಫ ಮೆರವಣಿಗೆಯ ಬ್ಯಾನರ್ ಬಟ್ಟೆಯ ಕೆಳಗೆ ಅರಬಿಯಲ್ಲಿ ಒಂದು ಸಾಲಷ್ಟೇ ಬರೆದುಕೊಟ್ಟ.

ಎಡವಟ್ಟಾದದ್ದು ಆ ಬಟ್ಟೆಯಲ್ಲೇ. ಖಾನಾಪುರದಲ್ಲಿ ಬೆಳೆದ ಕಾಕಾನಿಗೆ ಯಾವುದೇ ಬೋರ್ಡು ಎರಡೂ ಭಾಷೆಯಲ್ಲಿರಬೇಕು. ಒಂದು ಬದಿಗೆ ಕನ್ನಡದಲ್ಲಿ ‘ಕಸಿದುಕೊಂಡ ನಮ್ಮ ನೆಲ ಮರಳಿ ಕೊಡಿ’ ಎಂದೂ, ಇನ್ನೊಂದು ಬದಿಗೆ ಮರಾಠಿಯಲ್ಲಿ ಅದನ್ನೇ ಬರೆದ. ಅಕ್ಷರ ದೊಡ್ಡದಾಗಿ, ‘ಪ್ಯಾಲೆಸ್ತೀನ್’ ಎಂಬ ಮಾತಿಗೆ ಎರಡೂ ಕಡೆ ಜಾಗ ಉಳಿಯಲಿಲ್ಲ. ಬೆಳಗಾವಿಯಲ್ಲಿ, ಗಡಿ ತಂಟೆಯ ಊರಿನಲ್ಲಿ, ಇಂಥ ಬಟ್ಟೆ ಹಿಡಿದು ನಡೆದರೆ ಏನಾಗುತ್ತದೆ? ರಸ್ತೆಯ ಒಂದು ಬಾಜು ಮರಾಠಿ ಓದಿ ಸಿಟ್ಟಾಯಿತು, ಇನ್ನೊಂದು ಬಾಜು ಕನ್ನಡ ಓದಿ ಸಿಟ್ಟಾಯಿತು. ಬಂದು ಬಿದ್ದ ಚಪ್ಪಲಿ ಮೂರು: ಕನ್ನಡದ್ದೊಂದು, ಮರಾಠಿಯದೊಂದು, ಮೂರನೆಯದು ಯಾವ ಪಕ್ಷದ್ದೆಂದು ತಿಳಿಯಲಿಲ್ಲ. ಮಳೆಯೂ ಬಂತು. ಹದಿನಾಲ್ಕೂ ಮಂದಿ ಓಡಿದರು. ಬಟ್ಟೆ ಹಿಡಿದಿದ್ದ ನಾನೂ ಕಾಕಾನೂ ಸಿಕ್ಕಿಬಿದ್ದು ಪೊಲೀಸ್ ಠಾಣೆಗೆ ಬಂದೆವು.

ಫೌಜದಾರರು ಬಟ್ಟೆ ಹರವಿ ನೋಡಿದರು. “ಯಾವ ನೆಲಾನೋ ಇದು? ಖಾನಾಪುರದ್ದೋ, ನಿಪ್ಪಾಣೀದ್ದೋ?”

“ಪ್ಯಾಲೆಸ್ತೀನದ್ದು ಸಾಹೇಬ್ರ.”

“ಅದು ಯಾವ ತಾಲೂಕಿನ್ಯಾಗ ಬರ್ತೈತಿ?”

“ನಮ್ಮ ಜಿಲ್ಲಾದಾಗ ಬರೂದಿಲ್ರಿ.”

“ಮತ್ತ ನಿನ್ನ ಗಂಟೇನು ಹೋಗಿತ್ತಲೇ?” ಎನ್ನುತ್ತ ಅವರ ಬೆರಳು ಕೆಳಗಿನ ಸಾಲಿಗೆ ಬಂತು. ಮಳೆಗೆ ಮಸಿ ಇಳಿದು ಅದರಲ್ಲಿ ಕೆಲವು ಕೊಂಕು, ಚುಕ್ಕಿಗಳಷ್ಟೇ ಉಳಿದಿದ್ದವು. “ಇದ ಅರಬಿ ಅಲ್ಲೇನು? ಬರದಾಂವ ಯಾರು? ಪರದೇಶಿ ಹುಡುಗ ಇದ್ದರ ಹೆಸರ ಹೇಳು. ನೀವಿಬ್ರೂ ಈಗ ಮನೀಗ ಹೋಗ್ರಿ.”

ಹಲ್ಲಿಗೆ ಅಂಜುವವನು ಫೌಜದಾರರ ಮುಂದೆ ಎಷ್ಟು ಹೊತ್ತು ತಡೆದಾನು? ಕಾಕಾನ ಮೊಣಕಾಲು ಮೇಜಿಗೆ ಬಡಿಯುವ ಸದ್ದು ನನಗೆ ಕೇಳುತ್ತಿತ್ತು.

“ನಾನ ಬರದೇನ್ರಿ.”

“ಹೌದಾ? ಹಂಗಾರ ಇಲ್ಲಿ ಬರದ ತೋರಸು.”

ಕಾಕಾ ಪೆನ್ನು ಹಿಡಿದ. ಬಲದಿಂದ ಎಡಕ್ಕೆ ಎರಡು ಸಾಲು ಬರೆದ. ಫೌಜದಾರರು ಹಾಳೆಯನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದರು. “ಏನಂತ ಬರದಿ?”

“ನೆಲ ಕೊಡ್ರಿ ಅಂತ್ರಿ.”

ಅಲ್ಲ. ಆ ಗೆರೆಗಳನ್ನು ನಾನು ಏಳು ಲಕೋಟೆಗಳ ಹಿಂದೆ ಕಂಡಿದ್ದೆ. ಅದು ಯೂಸುಫನ ತಾಯಿಯ ಹೆಸರು ಮತ್ತು ವಿಳಾಸ.

ಅವರು ಹಾಳೆ ಮುದ್ದೆ ಮಾಡಿ ಎಸೆದು, ನಾಲ್ಕು ಬೈದು, ನಮ್ಮನ್ನು ಬಿಟ್ಟರು. ಕಾಕಾ ಬಗ್ಗಿ ಆ ಮುದ್ದೆಯನ್ನು ಆರಿಸಿ ಜೇಬಿಗೆ ಹಾಕಿಕೊಂಡ. ದಾರಿಯಲ್ಲಿ ಕೇಳಿದೆ: “ಕಾಕಾ, ಅಂಜಿಕಿ ಬರಲಿಲ್ಲೇನು ನಿನಗ?”

“ಕಾಲ ನೋಡು, ಇನ್ನೂ ನಿಂತಿಲ್ಲ. ಆದ್ರ ನನ್ನ ಹೊರಗ ಹಾಕಿದ್ರ ನಾ ಖಾನಾಪುರದ ಬಸ್ ಹತ್ತತೇನಿ. ಅಂವಾ ಯಾವ ಬಸ್ ಹತ್ತಬೇಕು?”

“ಬರ್ರಿ, ಕುಂದರ್ರಿ” ಎಂದು ಯೂಸುಫ ಬಾಗಿಲು ತೆಗೆದ. ಕಾಕಾ ಕೊಟ್ಟ ಮುದ್ದೆಯನ್ನು ಬಿಡಿಸಿ ಓದಿದ. ಆಮೇಲೆ, “ಕಾಕಾ, ಒಂದು ಚುಕ್ಕಿ ಬಿಟ್ಟೀರಿ” ಎಂದು ಪೆನ್ನು ತೆಗೆದು, ತಾಯಿಯ ಹೆಸರಿನ ಮೇಲೆ ಚುಕ್ಕಿ ಇಟ್ಟ.

ಕಾಕಾನ ಮುಖ ಬಿಳಿಚಿತು. “ಹಂಗಾರ ಆ ಚುಕ್ಕಿ ಸಲುವಾಗೇ ಏಳೂ ಪತ್ರ ಮುಟ್ಟಿಲ್ಲೇನೋ?”

ಯೂಸುಫ ಅವನ ಮುಖ ನೋಡಿದ. “ಹೌದು ಕಾಕಾ. ಅದಕ್ಕ ಮುಟ್ಟಿಲ್ಲ. ಈ ಸಲ ಮುಟ್ಟತೈತಿ.”

ಲಕೋಟೆಯ ಮುಂಬದಿಗೆ ಏಳೂ ಸಲ ಯೂಸುಫನೇ ವಿಳಾಸ ಬರೆದಿದ್ದ. ಅಲ್ಲಿ ಎಲ್ಲ ಚುಕ್ಕಿಗಳೂ ಸರಿಯಾಗಿದ್ದವು. ಲೆಕ್ಕದ ಮನುಷ್ಯನಾದ ನಾನು ಅದನ್ನು ಆ ದಿನ ಬಾಯಿಬಿಟ್ಟು ಹೇಳಲಿಲ್ಲ, ದಿನಚರಿಯಲ್ಲೂ ಬರೆಯಲಿಲ್ಲ. ಎಂಟನೆಯ ಲಕೋಟೆ ತಂದುಕೊಟ್ಟೆ.