ಎಂಟು ಮಾತ್ರೆಯ ವಾರಸುದಾರ

ಮಾತ್ರೆಯ ಬೆಲೆ ಒಂದಕ್ಕೆ ಆರು ರೂಪಾಯಿ, ಹತ್ತರ ಸ್ಟ್ರಿಪ್ಪಿಗೆ ಅರವತ್ತು. ದೊಡ್ಡ ಖರ್ಚೇನಲ್ಲ. ಖರ್ಚು ಬೀಳುತ್ತಿದ್ದುದು ಮಾತ್ರೆ ನುಂಗುವುದಕ್ಕಲ್ಲ, ನುಂಗುವುದನ್ನು ಮುಚ್ಚಿಡುವುದಕ್ಕೆ. ಮನೆ ಪಕ್ಕದ ಔಷಧಿ ಅಂಗಡಿಯವನು ಬಾಯಿಬಡುಕ, ಹಾಗಾಗಿ ಊರ ಇನ್ನೊಂದು ತುದಿಯ ಅಂಗಡಿಗೆ ಹೋಗಬೇಕು. ಬಸ್ಸಿನಲ್ಲಿ ಹೋದರೆ ಕಂಡಕ್ಟರುಗಳೆಲ್ಲ ಪರಿಚಯದವರು, ಹಾಗಾಗಿ ಆಟೊ. ಹೋಗಿ ಬರಲು ಇನ್ನೂರು. ಅಂಗಡಿಯ ಮುಂದೆ ಯಾರಾದರೂ ಗುರುತಿನವರು ಸಿಕ್ಕರೆ ನೆಪಕ್ಕೆ ಒಂದು ಬಾಟಲಿ ಕೆಮ್ಮಿನ ಔಷಧಿ, ನೂರಹತ್ತು. ಹನ್ನೊಂದು ವರ್ಷದಲ್ಲಿ ಈ ಮಾತ್ರೆ ನುಂಗುವವನ ಮನೆಯಲ್ಲಿ ಕೂಡಿಬಿದ್ದ ಕೆಮ್ಮಿನ ಔಷಧಿಯನ್ನು ನಂಬಿಕೊಂಡು ಒಂದು ಇಡೀ ಶಾಲೆಯ ಮಕ್ಕಳು ಚಳಿಗಾಲ ಪೂರ್ತಿ ಧೈರ್ಯವಾಗಿ ಕೆಮ್ಮಬಹುದಿತ್ತು.

ಅವನು ಬಸ್ ನಿಲ್ದಾಣದಲ್ಲಿರುವ, ಕಳೆದುಹೋದ ವಸ್ತುಗಳ ಕಚೇರಿಯಲ್ಲಿ ಗುಮಾಸ್ತ. ಹನ್ನೊಂದು ವರ್ಷದ ಹಿಂದೆ ಮೂರು ತಿಂಗಳು ಹಾಸಿಗೆ ಬಿಟ್ಟು ಏಳಲಾಗದೆ, ಫೋನು ಬಡಿದರೂ ಎದೆ ಡವಡವ ಎನ್ನುತ್ತ, ಹಲ್ಲುಜ್ಜುವುದೂ ಬೆಟ್ಟ ಹತ್ತಿದ ಹಾಗೆ ಅನಿಸುತ್ತ ಮಲಗಿದ್ದ. ಒಬ್ಬ ವಯಸ್ಸಾದ ಡಾಕ್ಟರು ಈ ಮಾತ್ರೆ ಬರೆದುಕೊಟ್ಟರು. ನಿಧಾನಕ್ಕೆ ಎದ್ದ, ಓಡಾಡಿದ, ಕೆಲಸಕ್ಕೆ ಹೋದ. ಎರಡು ಸಲ ಡಾಕ್ಟರೇ ಮಾತ್ರೆ ಕಡಿಮೆ ಮಾಡಿಸಿ ನೋಡಿದರು. ಎರಡು ಸಲವೂ ಹಳೆಯ ಕತ್ತಲು ಹೇಳಿ ಕಳಿಸಿದ ಹಾಗೆ ವಾಪಸು ಬಂತು. "ತಗೊಂಡ್ರೆ ಚೆನ್ನಾಗಿರ್ತೀಯ, ಬಿಟ್ರೆ ಮಲಗ್ತೀಯ. ಇದರಲ್ಲಿ ಯೋಚನೆ ಮಾಡೋದೇನಪ್ಪ ಇದೆ?" ಎಂದರು. ಅವನಿಗೂ ಅದು ಸರಿ ಎನಿಸಿತು.

ಮಾತ್ರೆ ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ, ಕಚೇರಿಯಲ್ಲಿ ಅವನಿಗೆ ತಂಪಣ್ಣ ಎಂದೇ ಹೆಸರು ಬಿತ್ತು. ಸೂಟ್‌ಕೇಸು ಕಳಕೊಂಡವರು ಕೌಂಟರಿನ ಮೇಲೆ ಗುದ್ದಿ ಕೂಗಾಡಿದರೂ ತಂಪಣ್ಣ ಫ್ಯಾನಿನ ಕೆಳಗಿಟ್ಟ ಮಜ್ಜಿಗೆಯ ಹಾಗಿರುತ್ತಿದ್ದ.

ಕಚೇರಿಯ ನಿಯಮಾವಳಿ ಬರೆದವನೂ ಅವನೇ. ಹಿಂದೆ ಯಾರದೋ ಹಲ್ಲುಸೆಟ್ಟನ್ನು ಇನ್ಯಾರೋ ತಮ್ಮದೆಂದು ಒಯ್ದು, ಮೂರನೆಯ ದಿನ ಒಸಡು ಊದಿಸಿಕೊಂಡು ಬಂದು ಜಗಳ ತೆಗೆದಿದ್ದರು. ಅಂದಿನಿಂದ ತಂಪಣ್ಣ 'ಹೊಂದಿಕೆ ಪರೀಕ್ಷೆ' ಎಂಬ ನಿಯಮ ತಂದ. ಹಲ್ಲು ಕೇಳಿ ಬಂದವರು ಅಲ್ಲೇ ಹಾಕಿಕೊಂಡು ತೋರಿಸಬೇಕು. ಕನ್ನಡಕದವರು ಓದಿ ತೋರಿಸಬೇಕು. ಚಪ್ಪಲಿಯವರು ನಾಲ್ಕು ಹೆಜ್ಜೆ ನಡೆಯಬೇಕು. ಇದೆಲ್ಲ ಸಿಬ್ಬಂದಿಯ ಎದುರಿನಲ್ಲೇ ಆಗಬೇಕು. ಸುಳ್ಳು ಹೇಳಿದವರ ವಿವರ ಕೆಂಪು ಶಾಯಿಯಲ್ಲಿ. ಸಿಕ್ಕ ವಸ್ತುಗಳನ್ನಿಡುವ ಕಪಾಟಿಗೆ ಎರಡು ಬೀಗ. ಒಂದರ ಕೀಲಿ ತಂಪಣ್ಣನ ಹತ್ತಿರ, ಇನ್ನೊಂದರದು ಕೌಂಟರಿನವನ ಹತ್ತಿರ. ಆ ಕೌಂಟರಿನವನಿಗೆ ಎಲ್ಲರೂ ಇಟ್ಟ ಹೆಸರು ಡಂಗುರ. ಯಾಕೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಆ ದಿನ ಬೆಳಿಗ್ಗೆ ಹತ್ತಕ್ಕೆ ತಂಪಣ್ಣ ಎಂದಿನಂತೆ ಕಪಾಟಿನ ಹಿಂದೆ ನಿಂತು, ಒಂದು ಕೈಯಲ್ಲಿ ನೀರಿನ ಲೋಟ ಹಿಡಿದು, ಇನ್ನೊಂದು ಕೈಯನ್ನು ಜೇಬಿಗೆ ಹಾಕಿದ. ಕರವಸ್ತ್ರವಿತ್ತು, ಸ್ಟ್ರಿಪ್ಪು ಇರಲಿಲ್ಲ. ಇನ್ನೊಂದು ಜೇಬು ನೋಡಿದ. ಅಂಗಿಯ ಜೇಬು, ಊಟದ ಡಬ್ಬಿಯ ಚೀಲ, ಕೊನೆಗೆ ಊಟದ ಡಬ್ಬಿಯನ್ನೂ ನೋಡಿದ. ಅಷ್ಟರಲ್ಲಿ ಕೌಂಟರಿನ ಕಡೆಯಿಂದ ದನಿ ಕೇಳಿತು.

"ಅಣ್ಣಾ, ಇದನ್ನ ಬರ್ಕೊಳ್ಳಿ. ಒಳಬಾಗ್ಲ ಹತ್ರ ಗುಡಿಸೋವಾಗ ಸಿಕ್ತು." ಗುಡಿಸುವವಳು ಸ್ಟ್ರಿಪ್ಪನ್ನು ಕೌಂಟರಿನ ಮೇಲಿಟ್ಟಳು.

ಡಂಗುರ ದೊಡ್ಡದಾಗಿ ಹೇಳಿಕೊಳ್ಳುತ್ತ ಬರೆದ. "ನಾನೂರ ಹನ್ನೆರಡು. ಮಾತ್ರೆ ಸ್ಟ್ರಿಪ್ಪು ಒಂದು. ಹತ್ತರಲ್ಲಿ ಎರಡು ಖಾಲಿ, ಎಂಟು ಬಾಕಿ." ಆಮೇಲೆ ತಲೆ ಎತ್ತಿದ. "ಒಳಬಾಗ್ಲಾ? ಅಲ್ಲಿ ಸ್ಟಾಫ್ ಬಿಟ್ರೆ ಯಾರೂ ಬರಲ್ವಲ್ಲ?"

ಫೋನಿನಲ್ಲಿ ಮಾತ್ರೆಯ ಹೆಸರು ಒತ್ತಿದ. ಅವನ ಹುಬ್ಬು ಏರುತ್ತಾ ಏರುತ್ತಾ ಕೂದಲೊಳಗೆ ಸೇರಿಕೊಂಡಿತು. "ಅಕ್ಕಾ! ಬನ್ನಿ ಇಲ್ಲಿ! ಮನಸ್ಸು ಕುಗ್ಗಿದ್ರೆ, ಗಾಬರಿ ಆಗ್ತಿದ್ರೆ ಕೊಡೋ ಮಾತ್ರೆಯಂತೆ ಇದು. ಕೆಲವರು ವರ್ಷಗಟ್ಟಲೆ ತಗೋತಾರಂತೆ!"

ಟೈಪಿಸ್ಟ್ ಅಕ್ಕ ಬಂದು ಬಗ್ಗಿ ನೋಡಿದಳು, ಮುಟ್ಟಲಿಲ್ಲ. "ಅಯ್ಯೋ, ವರ್ಷಗಟ್ಟಲೆನಾ? ಅಭ್ಯಾಸ ಆಗ್ಬಿಡಲ್ವೇನೋ? ಅಷ್ಟೂ ಮನಸ್ಸು ಗಟ್ಟಿ ಇಲ್ಲ ಅಂದ್ರೆ ಹೇಗೆ?" ಅಕ್ಕ ಹದಿನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ಬಿ.ಪಿ. ಮಾತ್ರೆ ನುಂಗುತ್ತಿದ್ದಳು. ಆದರೆ ಅದು ಅಭ್ಯಾಸವಲ್ಲ, ಬಿ.ಪಿ.

"ಯಾರದ್ದಿರಬಹುದು ಅಕ್ಕ?"

"ನಿಂದೇ ಇರ್ಬೇಕು. ಇಷ್ಟೊಂದು ಗಾಬರಿಯಿಂದ ಕೂಗ್ತಿದ್ದೀಯ."

"ನಂದಾ! ನೀವೇ ಮೊನ್ನೆ ಸೀರಿಯಲ್ ನೋಡಿ ಅತ್ಬಿಟ್ಟೆ ಅಂದ್ರಿ!"

ಇಬ್ಬರೂ ಒಬ್ಬರನ್ನೊಬ್ಬರು ಗುರಾಯಿಸಿ, ಆಮೇಲೆ ಒಟ್ಟಿಗೆ ಕಪಾಟಿನ ಕಡೆ ತಿರುಗಿದರು. ತಂಪಣ್ಣ ಲೋಟದ ನೀರನ್ನು ಒಂದೇ ಗುಟುಕಿಗೆ ಕುಡಿದ.

"ಏನೇ ಆಗ್ಲಿ, ನಮ್ಮ ತಂಪಣ್ಣಂದಂತೂ ಅಲ್ಲ," ಎಂದ ಡಂಗುರ. "ಈ ಆಫೀಸಲ್ಲಿ ತಲೆ ನೆಟ್ಟಗಿರೋದು ಅವರೊಬ್ಬರಿಗೇ."

ನನ್ನದೇ ಎಂದು ಕೈ ಚಾಚಬೇಕಾಗಿದ್ದ ಗಳಿಗೆ ಅದು. ತಂಪಣ್ಣನಿಗೆ ಕೈ ಏಳಲಿಲ್ಲ. ಸ್ಟ್ರಿಪ್ಪು ಕಪಾಟು ಸೇರಿತು. ಎರಡು ಬೀಗವೂ ಬಿದ್ದವು. ಒಂದನ್ನು ಅವನೇ ಹಾಕಿದ.

ಕಷ್ಟ ಏನೆಂದರೆ, ಮನೆಯಲ್ಲಿ ಬೇರೆ ಮಾತ್ರೆ ಇರಲಿಲ್ಲ. ಡಾಕ್ಟರು ಮಗಳ ಮನೆಗೆ ಹೋಗಿದ್ದರು, ಬರುವುದು ಇನ್ನು ಎಂಟು ದಿನಕ್ಕೆ. ಹಳೆಯ ಚೀಟಿಯ ಅವಧಿ ಮುಗಿದಿತ್ತು, ಅಂಗಡಿಯವನು ಹೊಸ ಚೀಟಿ ಕೇಳುತ್ತಿದ್ದ. ಎಂಟು ದಿನ, ಎಂಟು ಮಾತ್ರೆ. ಲೆಕ್ಕ ಸರಿಯಾಗಿತ್ತು, ವಸ್ತು ಮಾತ್ರ ಕಪಾಟಿನೊಳಗಿತ್ತು. ಒಮ್ಮೆ ಎರಡು ದಿನ ಮಾತ್ರೆ ತಪ್ಪಿದಾಗ ತಲೆಯೊಳಗೆ ಯಾರೋ ಕರೆಂಟಿನ ಸ್ವಿಚ್ಚು ಹಾಕಿ ತೆಗೆದು ಆಡಿದ ಹಾಗಾಗಿ, ಮೆಟ್ಟಿಲು ಇಳಿಯಲು ಹೆಂಡತಿ ಕೈ ಹಿಡಿಯಬೇಕಾಗಿತ್ತು. ಅದು ಅವನಿಗೆ ಮರೆತಿರಲಿಲ್ಲ.

ಹನ್ನೊಂದು ಗಂಟೆಗೆ ಸಾಹೇಬರು ಎಲ್ಲರನ್ನೂ ತಮ್ಮ ಕೋಣೆಗೆ ಕರೆಸಿದರು. ಸಾಹೇಬರೆಂದರೆ ಗುಡುಗು. ಅದರಲ್ಲೂ ಎರಡು ಮೂರು ದಿನದಿಂದ ಪೆನ್ನು ಕೆಳಗೆ ಬಿದ್ದರೂ ಉರಿದು ಬೀಳುತ್ತಿದ್ದರು.

"ಯಾರದ್ದು ಅಂತ ನಾನು ಕೇಳಲ್ಲ," ಎಂದು ಕೂಗಿದರು. "ಯಾರ್ರೀ ಅದು? ಮನಸ್ಸು ಅನ್ನೋದು ಕುದುರೆ ಇದ್ದ ಹಾಗೆ. ಲಗಾಮು ನಮ್ಮ ಕೈಯಲ್ಲಿರಬೇಕು, ಔಷಧಿ ಅಂಗಡಿಯವನ ಕೈಯಲ್ಲಲ್ಲ! ಬೆಳಿಗ್ಗೆ ಐದಕ್ಕೆ ಏಳ್ರೀ, ವಾಕಿಂಗ್ ಮಾಡ್ರೀ, ತಣ್ಣೀರು ಹುಯ್ಕೊಳ್ರೀ! ನನ್ನನ್ನ ನೋಡಿ, ನನಗಿಲ್ವಾ ಟೆನ್ಶನ್ನು? ನಾನೇನಾದ್ರೂ ಮಾತ್ರೆ ನುಂಗ್ತೀನಾ?"

ಮೇಜಿನ ಗಾಜಿನ ಮೇಲೆ ಮುಷ್ಟಿ ಬಿತ್ತು. ಲೋಟದ ನೀರು ಕಡತದ ಮೇಲೆ ಚೆಲ್ಲಿತು. ಎಲ್ಲರೂ ಗಟ್ಟಿ ಮನಸ್ಸಿನವರ ಮುಖ ಹಾಕಿಕೊಂಡು ಹೊರಬಂದರು.

ಊಟದ ಹೊತ್ತಿಗೆ ಕಚೇರಿ ನೋಡುವ ಹಾಗಿತ್ತು. ಎಲ್ಲರೂ ಸಿಕ್ಕಾಪಟ್ಟೆ ನೆಮ್ಮದಿಯಿಂದಿದ್ದರು. ಡಂಗುರ ಕಾರಣವಿಲ್ಲದೆ ಶಿಳ್ಳೆ ಹಾಕುತ್ತಿದ್ದ. ಟೈಪಿಸ್ಟ್ ಅಕ್ಕ ಬೆರಳಿಗೆ ಸ್ಟೇಪ್ಲರ್ ಪಿನ್ನು ಚುಚ್ಚಿಕೊಂಡೂ ಮುಗುಳ್ನಕ್ಕಳು. ತಂಪಣ್ಣನೊಬ್ಬನ ಹಣೆಯ ಮೇಲೆ ಮಾತ್ರ ಬೆವರು ಮೂಡಿತ್ತು. "ಪಾಪ, ನಮ್ಮೆಲ್ಲರ ಚಿಂತೇನೂ ಅವರೇ ಹಚ್ಕೊಂಡಿದ್ದಾರೆ," ಎಂದಳು ಅಕ್ಕ.

ಅವನು ನಿಲ್ದಾಣದ ಹಿಂದೆ ಹೋಗಿ ಹೆಂಡತಿಗೆ ಫೋನು ಮಾಡಿದ.

"ನಂದು ಅಂತ ಹೇಳಿ ಇಸ್ಕೊಳ್ಳೋಕೇನ್ರೀ ಕಷ್ಟ?" ಎಂದಳು ಆಕೆ. "ಕದ್ದ ಮಾಲಾ ಅದು?"

"ನಿಂಗೆ ಗೊತ್ತಾಗಲ್ಲ ಕಣೇ. ನಾಳೆಯಿಂದ ನಾನು ಆಕಳಿಸಿದ್ರೂ ಮಾತ್ರೆ ತಗೊಂಡ್ರಾ ಅಂತ ಕೇಳ್ತಾರೆ."

"ನಾನೇ ಬಂದು ಕೇಳ್ಲಾ?"

"ನಿನ್ನ ಎಲ್ಲರೂ ನೋಡಿದ್ದಾರೆ."

"ಹಾಗಾದ್ರೆ ತಮ್ಮನ್ನ ಕಳಿಸ್ತೀನಿ. ಅವನನ್ನ ಅಲ್ಲಿ ಯಾರೂ ನೋಡಿಲ್ಲ."

ಮೂರು ಗಂಟೆಗೆ ಬಾಮೈದ ಬಂದ. ಸಮಾರಂಭಗಳಲ್ಲಿ ಮೈಕು ಹಿಡಿದು ಜನರನ್ನು ನಗಿಸುವುದು ಅವನ ಕಸುಬು. ಅಳಿಸುವುದೂ ತನಗೆ ಬರುತ್ತದೆಂದು ಬಹಳ ದಿನದಿಂದ ನಂಬಿದ್ದ. ಕೂದಲು ಕೆದರಿಕೊಂಡಿದ್ದ, ಅಂಗಿಯ ಗುಂಡಿ ತಪ್ಪು ಹಾಕಿಕೊಂಡಿದ್ದ.

"ನನ್ನ ಮಾತ್ರೆ ಕಳೆದೋಗಿದೆ ಸ್ವಾಮಿ," ಎಂದು ಕೌಂಟರಿಗೆ ಜೋತುಬಿದ್ದ. "ಅದಿಲ್ದೆ ನನಗೆ ಈ ಲೋಕವೇ ಬೇಡ!"

ಡಂಗುರನ ಕಣ್ಣು ಅರಳಿತು. "ಒಳಬಾಗ್ಲ ಹತ್ರ ಹೇಗ್ರೀ ಬಂದ್ರಿ ನೀವು?"

"ದುಃಖದಲ್ಲಿರೋನಿಗೆ ಒಳಗ್ಯಾವುದು, ಹೊರಗ್ಯಾವುದು ಸ್ವಾಮಿ?"

"ಅದೂ ಸರಿನೇ. ಎಷ್ಟು ಮಾತ್ರೆ ಬಾಕಿ ಇತ್ತು?"

"ಎಂಟು."

ಕಪಾಟಿನ ಹಿಂದೆ ತಂಪಣ್ಣ ಉಸಿರು ಬಿಟ್ಟ. ಡಂಗುರ ತಲೆಯಾಡಿಸಿದ. "ಸರಿ, ಹೊಂದಿಕೆ ತೋರಿಸಿ."

ಹೊಂದಿಕೆಗೆ ಬಾಮೈದ ಸಿದ್ಧನಾಗಿಯೇ ಬಂದಿದ್ದ. ಎದೆ ಹಿಡಿದುಕೊಂಡ, ಕಣ್ಣು ಮೇಲೆ ಮಾಡಿದ, ಗಿರ್ರೆಂದು ಒಂದು ಸುತ್ತು ತಿರುಗಿ ಕಳೆದುಹೋದ ಕೊಡೆಗಳ ರಾಶಿಯ ಮೇಲೆ ಬಿದ್ದ. ಅಷ್ಟಕ್ಕೆ ನಿಲ್ಲಿಸಿದ್ದರೆ ಕೆಲಸವಾಗುತ್ತಿತ್ತು. ಆದರೆ ಸುತ್ತ ಜನ ಸೇರಿದ್ದರು, ಜನ ಸೇರಿದ ಕಡೆ ಬೇಗ ಮುಗಿಸಿ ಅವನಿಗೆ ಅಭ್ಯಾಸವಿರಲಿಲ್ಲ. ಕೈಕಾಲು ಒದರಿದ, ತಾಯಿಯನ್ನು ಕರೆದ, ತೀರಿಹೋದ ಸೋದರಮಾವನ ಜೊತೆ ಮಾತಾಡಿದ.

"ಹಾರ್ಟ್ ಅಟ್ಯಾಕು!" ಎಂದು ಟೈಪಿಸ್ಟ್ ಅಕ್ಕ ಕಿರುಚಿದಳು. ಯಾರೋ ಮುಖಕ್ಕೆ ಒಂದು ಬಕೆಟ್ಟು ನೀರು ಸುರಿದರು. ಒಬ್ಬ ಡ್ರೈವರು, ತಾನು ತರಬೇತಿ ಪಡೆದವನೆಂದು ಹೇಳಿ, ಎದೆಯ ಮೇಲೆ ಎರಡೂ ಕೈಯಿಟ್ಟು ಬಸ್ಸಿನ ಬ್ರೇಕು ಒತ್ತುವ ಹಾಗೆ ಒತ್ತತೊಡಗಿದ. ಮೂರನೆಯ ಒತ್ತಿಗೆ ಬಾಮೈದ ಸಂಪೂರ್ಣ ಗುಣವಾಗಿ, ಕೊಡೆಗಳನ್ನು ದಾಟಿ, ಪ್ಲಾಟ್‌ಫಾರಂ ದಾಟಿ, ಹೊರಡುತ್ತಿದ್ದ ಬಸ್ಸು ಹತ್ತಿ ಹೋಗಿಬಿಟ್ಟ. ಅದು ಎಲ್ಲಿಗೆ ಹೋಗುವ ಬಸ್ಸೆಂದು ಅವನು ನೋಡಿರಲಿಲ್ಲ.

"ಕಳ್ಳ," ಎಂದು ಡಂಗುರ ಕೆಂಪು ಶಾಯಿ ತೆಗೆದ. "ಕಾಯಿಲೆಯವರು ಹೀಗೆ ಓಡ್ತಾರಾ?"

ನಾಲ್ಕು ಗಂಟೆಗೆ ತಂಪಣ್ಣನ ತಲೆ ಸಣ್ಣಗೆ ಝುಂ ಎನ್ನತೊಡಗಿತು. ಅದು ಮಾತ್ರೆ ತಪ್ಪಿದ್ದಕ್ಕೋ, ಬರೀ ಹೆದರಿಕೆಗೋ ಅವನಿಗೂ ತಿಳಿಯಲಿಲ್ಲ. ಇನ್ನು ಗುಟ್ಟು ಕಟ್ಟಿಕೊಂಡು ಆಗಬೇಕಾದ್ದೇನೂ ಇಲ್ಲ ಎನಿಸಿತು. ನೇರವಾಗಿ ಸಾಹೇಬರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

"ಸಾರ್, ಆ ಮಾತ್ರೆ ನಂದು. ಕೊಡಿಸ್ಬಿಡಿ."

ಸಾಹೇಬರು ತಲೆ ಎತ್ತಿದರು. ಕಣ್ಣು ಕೆಂಪಾಗಿತ್ತು. "ಏನಂದ್ರಿ?"

"ನಂದೇ ಸಾರ್. ಹನ್ನೊಂದು ವರ್ಷದಿಂದ ತಗೋತಿದ್ದೀನಿ. ಅದಿಲ್ದಿದ್ರೆ ನನ್ನ ಕೈಲಿ ಆಗಲ್ಲ."

ಸಾಹೇಬರು ಎದ್ದರು. ಮೇಜು ಸುತ್ತಿಕೊಂಡು ಬಂದರು. ಬೈಗುಳಕ್ಕೆ ತಂಪಣ್ಣ ತಲೆ ತಗ್ಗಿಸಿ ನಿಂತ. ಬೈಗುಳ ಬರಲಿಲ್ಲ. ಎರಡು ನಡುಗುವ ಕೈ ಬಂದು ಅವನ ಎರಡೂ ಕೈ ಹಿಡಿದುಕೊಂಡವು.

"ನಿಮಗೆ ಹೇಗ್ರೀ ಗೊತ್ತಾಯ್ತು?" ಎಂದರು ಸಾಹೇಬರು.

"ಏನು ಸಾರ್?"

"ಅದು ನಂದು ಅಂತ! ಮೂರು ದಿನದಿಂದ ಹುಡುಕ್ತಿದ್ದೀನಿ ರೀ. ಡ್ರಾಯರ್ರು, ಕಾರು, ಹಾಸಿಗೆ ಕೆಳಗೆ, ಎಲ್ಲಾ ಕಡೆ. ಡಾಕ್ಟ್ರು ಊರಲ್ಲಿಲ್ಲ. ಬೆಳಿಗ್ಗೆ ಸ್ಟಾಫ್ ಎದುರಿಗೆ ಅಷ್ಟೆಲ್ಲ ಮಾತಾಡಿ, ಈಗ ಯಾವ ಮುಖ ಇಟ್ಕೊಂಡು ಕೇಳ್ಲಿ? ಅದಕ್ಕೇ ನೀವು... ನನ್ನ ಮಾನ ಉಳಿಸೋಕೆ... ನಿಮ್ಮ ತಲೆ ಮೇಲೆ ಹಾಕ್ಕೊಳ್ತಿದ್ದೀರಿ." ಕಣ್ಣೀರು ಧಾರಾಕಾರ ಇಳಿಯಿತು.

"ಇಲ್ಲ ಸಾರ್, ನಿಜವಾಗ್ಲೂ ನಂದೇ..."

"ನೋಡಿ, ಎಷ್ಟು ತಣ್ಣಗೆ ಸುಳ್ಳು ಹೇಳ್ತೀರಿ! ಈ ಮಾತ್ರೆ ಬೇಕಾದೋನು ಹೀಗಿರ್ತಾನೇನ್ರೀ? ನನ್ನನ್ನ ನೋಡಿ, ನಾನು ಹೇಗಿದ್ದೀನಿ!"

"ಸಾರ್, ಹೋಗ್ಲಿ, ನಾಲ್ಕು ನೀವು ಇಟ್ಕೊಂಡು ನಾಲ್ಕು ನನಗೆ ಕೊಟ್ರೆ..."

ಸಾಹೇಬರು ಅಳುತ್ತಲೇ ನಕ್ಕುಬಿಟ್ಟರು. "ಇಂಥಾ ಹೊತ್ತಲ್ಲೂ ತಮಾಷೆ ಮಾಡಿ ನಗಿಸ್ತೀರಲ್ರೀ! ಬನ್ನಿ, ಬನ್ನಿ."

ಭುಜದ ಮೇಲೆ ಕೈ ಹಾಕಿ ಕೌಂಟರಿಗೆ ಕರೆತಂದರು. ಎಲ್ಲರನ್ನೂ ಸೇರಿಸಿದರು. "ಆ ಮಾತ್ರೆ ಇವರದ್ದು. ಕೊಟ್ಬಿಡಿ."

ಡಂಗುರ ಬಾಯಿ ತೆರೆದ. ಅವನ ಜೀವಮಾನದಲ್ಲಿ ಮೊದಲ ಸಲ ಅದರಿಂದ ಮಾತು ಬರಲಿಲ್ಲ. ಟೈಪಿಸ್ಟ್ ಅಕ್ಕನೇ ಹೇಳಿದಳು: "ತಂಪಣ್ಣ, ಬೇಜಾರು ಮಾಡ್ಕೋಬೇಡಿ. ನಿಮ್ಮದೇ ರೂಲು. ಹೊಂದಿಕೆ ತೋರಿಸ್ಬೇಕಲ್ಲ?"

ತಂಪಣ್ಣ ನಿಂತ. ಎಲ್ಲರೂ ನೋಡಿದರು. ಅತ್ತರೆ ಚೆನ್ನಾಗಿತ್ತು, ಅಳು ಬರಲಿಲ್ಲ. ನಡುಗೋಣವೆಂದು ಕೈ ಚಾಚಿದ, ಕೈ ಹಲಗೆಯ ಹಾಗೆ ನಿಂತಿತು. ಹನ್ನೊಂದು ವರ್ಷ ಒಳಗೆ ಹೋದ ಮಾತ್ರೆ ಒಂದು ದಿನ ತಪ್ಪಿದ್ದಕ್ಕೆ ಅಷ್ಟು ಸುಲಭವಾಗಿ ಕೈಬಿಡುವಂಥದ್ದಾಗಿರಲಿಲ್ಲ.

"ಇದರಲ್ಲಿ ಏನೂ ಹೊಂದ್ತಿಲ್ವಲ್ಲ ಸಾರ್," ಎಂದ ಡಂಗುರ, ಕೆಂಪು ಶಾಯಿಯ ಕಡೆ ಕೈ ಹಾಕುತ್ತ.

"ಕೊಡ್ರೀ ಅಂದ್ನಲ್ಲ!" ಸಾಹೇಬರ ಗುಡುಗಿಗೆ ಕಿಟಕಿ ಗಾಜು ಅಲುಗಿತು. "ಮೇಲೆ ಕಾಣಿಸಲ್ಲ. ಅವರು ಒಳಗೊಳಗೇ ನರಳ್ತಿರೋರು. ನನಗೆ ಗೊತ್ತು!"

ಎರಡು ಬೀಗವೂ ತೆರೆದವು. ನಾನೂರ ಹನ್ನೆರಡರ ಎದುರು ತಂಪಣ್ಣ ಸಹಿ ಮಾಡಿದ. ಸ್ಟ್ರಿಪ್ಪು ಕೈಗೆ ಬಂತು. ಅವನಿಗೆ ಅರೆಗಳಿಗೆ ಸಂತೋಷವಾಯಿತು.

"ಒಂದ್ನಿಮಿಷ ಒಳಗೆ ಬನ್ನಿ," ಎಂದರು ಸಾಹೇಬರು.

ಒಳಗೆ ಬಾಗಿಲು ಹಾಕಿ ಅಂಗೈ ಚಾಚಿದರು. ಆ ಅಂಗೈ ಗಾಳಿಗೆ ಸಿಕ್ಕ ಎಲೆಯ ಹಾಗೆ ನಡುಗುತ್ತಿತ್ತು. ಕೌಂಟರಿನ ಮೇಲಿಟ್ಟಿದ್ದರೆ ಹೊಂದಿಕೆ ಪರೀಕ್ಷೆಯಲ್ಲಿ ನೂರಕ್ಕೆ ನೂರು ಬರುತ್ತಿತ್ತು. ತಂಪಣ್ಣ ಆ ಕೈ ನೋಡಿದ. ಹನ್ನೊಂದು ವರ್ಷದ ಹಿಂದೆ ತನ್ನ ಕೈ ಹೀಗೇ ಇದ್ದದ್ದು ನೆನಪಾಯಿತು. ಸ್ಟ್ರಿಪ್ಪನ್ನು ಆ ಅಂಗೈಯಲ್ಲಿಟ್ಟ. ಸಾಹೇಬರು ನೀರಿಗೂ ಕಾಯದೆ ಒಂದನ್ನು ನುಂಗಿ, ಉಳಿದದ್ದನ್ನು ಒಳಜೇಬಿಗೆ ಇಳಿಸಿದರು.

"ನೀವು ಇಲ್ದಿದ್ರೆ ನಾನೇನಾಗ್ತಿದ್ನೋ," ಎಂದರು. "ಈ ವಿಷಯ ಮಾತ್ರ ಯಾರಿಗೂ ಹೇಳ್ಬೇಡಿ."

ಐದು ಗಂಟೆಗೆ ಅವನು ಚೀಲ ಹೆಗಲಿಗೇರಿಸುವಷ್ಟರಲ್ಲಿ ಸುದ್ದಿ ನಿಲ್ದಾಣದ ಕೊನೆಯ ಪ್ಲಾಟ್‌ಫಾರಂ ಮುಟ್ಟಿತ್ತು. ಟಿಕೆಟ್ ಕೊಡುವವನು ಕಿಟಕಿಯಿಂದ ಕೈ ಹೊರಹಾಕಿ, ಧೈರ್ಯ ತಂದ್ಕೊಳ್ಳಿ ಎಂದ. ಗುಡಿಸುವವಳು ಪೊರಕೆ ಬದಿಗಿಟ್ಟು, "ಏನೇ ಇದ್ರೂ ಮನಸಲ್ಲಿ ಇಟ್ಕೋಬೇಡಿ ಅಣ್ಣಾ" ಎಂದಳು. ಟೈಪಿಸ್ಟ್ ಅಕ್ಕ ಅವನ ಮೇಜಿನ ಕತ್ತರಿಯನ್ನು ತೆಗೆದು ತನ್ನ ಡ್ರಾಯರಿನಲ್ಲಿಟ್ಟುಕೊಂಡಳು. ಮನೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರು ಅವನಿಗಾಗಿ ಒಬ್ಬ ಮುದುಕನನ್ನು ಎಬ್ಬಿಸಿ ಸೀಟು ಕೊಡಿಸಿದ.

ಆ ದಿನ ತಂಪಣ್ಣ ಕಳೆದುಕೊಂಡದ್ದು ಎಂಟು ಮಾತ್ರೆ ಮತ್ತು ಒಂದು ಗುಟ್ಟು. ಸಿಕ್ಕಿದ್ದು ಕುಳಿತುಕೊಳ್ಳಲು ಒಂದು ಸೀಟು, ಮತ್ತು ಬಸ್ಸು ಮನೆ ಮುಟ್ಟುವಷ್ಟರಲ್ಲಿ ಹದಿನೇಳು ಸಲಹೆ.